ಮೂಳೆಗೆ ಮಾತೃಭಾಷೆಯಿಲ್ಲ

ಈ ಸ್ಮರಣ ಸಂಚಿಕೆಯ ಸಂಪಾದಕರು ಲೇಖನ ಕೇಳಿದಾಗ, ಉಡುಮಲೈ ಸೀಮೆಯ ಕನ್ನಡಿಗರ ಪ್ರಾಚೀನತೆಯನ್ನು ಸಾರುವ ಬರಹವೊಂದನ್ನು ಅವರು ನಿರೀಕ್ಷಿಸಿದ್ದರೆಂಬುದು ನನಗೆ ಗೊತ್ತು. ಅಂತಹ ಬರಹವನ್ನು ನಾನು ಬರೆಯಲಾರೆ. ಏಕೆ ಬರೆಯಲಾರೆ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ. ಅದನ್ನು ಅಚ್ಚುಹಾಕಿದರೆ ಅದು ಅವರ ದೊಡ್ಡತನ.

ನಮ್ಮ ಸಮ್ಮೇಳನಗಳ ಹಳೆಯ ಸಂಚಿಕೆಗಳನ್ನು ತೆರೆದು ನೋಡಿದರೆ ಒಂದು ಬದಲಾವಣೆ ಎದ್ದು ಕಾಣುತ್ತದೆ. ಹಿಂದಿನ ತಲೆಮಾರಿನ ಲೇಖಕರು, ವಿಜಯನಗರದ ಕಾಲದಲ್ಲೋ ಮೈಸೂರಿನ ಅರಸರ ಕಾಲದಲ್ಲೋ ತಮ್ಮ ಹಿರಿಯರು ಮಗ್ಗವನ್ನೂ ಕುಲದೇವತೆಯನ್ನೂ ಹೊತ್ತು ಘಟ್ಟ ಇಳಿದು ಬಂದ ಕಥೆಯನ್ನು ಯಾವ ಸಂಕೋಚವೂ ಇಲ್ಲದೆ ಬರೆದರು. ಬಂದದ್ದು ಅವರಿಗೆ ಹೆಮ್ಮೆಯ ಸಂಗತಿಯಾಗಿತ್ತು. 1799ರವರೆಗೆ ಈ ಕೊಯಮತ್ತೂರು ಸೀಮೆ ಮೈಸೂರಿನ ಆಳ್ವಿಕೆಯಲ್ಲಿದ್ದುದರಿಂದ, ಇಲ್ಲಿಗೆ ಬರುವುದನ್ನು ಅವರು ಪರದೇಶಕ್ಕೆ ಹೋಗುವುದೆಂದು ಎಣಿಸಲೂ ಇಲ್ಲ. ಈಗಿನ ಲೇಖಕರಿಗೋ ‘ಬಂದೆವು’ ಎನ್ನಲು ಅಳುಕು. ಅವರ ಬರಹಗಳಲ್ಲಿ ಅಜ್ಜಿಯ ಕಥೆಯ ಜಾಗಕ್ಕೆ ‘ವಂಶವಾಹಿ ಸಂಶೋಧನೆಯಿಂದ ಸಾಬೀತಾಗಿದೆ’ ಎಂಬ ವಾಕ್ಯ ಬಂದು ಕುಳಿತಿದೆ. ಸಾಬೀತಾದದ್ದು ಏನೆಂದು ಕೇಳಿದರೆ, ನಾವೇ ಈ ನೆಲದ ಮೂಲನಿವಾಸಿಗಳು, ಉಳಿದವರೆಲ್ಲ ನಮ್ಮ ನಂತರದವರು ಎಂಬ ಉತ್ತರ.

ಈ ಅಳುಕು ಎಲ್ಲಿಂದ ಬಂತೆಂಬುದನ್ನು ನಾನು ಬಲ್ಲೆ. ಒಂದು ಸಂಜೆ ನನ್ನ ಮೊಮ್ಮಗಳು ಶಾಲೆಯಿಂದ ಬಂದು ಚೀಲವನ್ನೂ ಇಳಿಸದೆ ಕೇಳಿದಳು: “ತಾತ, ನಾವು ವಂದೇರಿಗಳಾ?” ಮನೆಯಲ್ಲಿ ಕನ್ನಡ ಮಾತನಾಡುತ್ತೇವೆಂಬುದೊಂದೇ ಕಾರಣಕ್ಕೆ ಜೊತೆಯ ಹುಡುಗಿಯೊಬ್ಬಳು ಹಾಗೆಂದಿದ್ದಳಂತೆ. ‘ಬಂದು ಸೇರಿಕೊಂಡವರು’ ಎಂಬಷ್ಟೇ ಅರ್ಥದ ಆ ತಮಿಳು ಪದ ರಾಜಕೀಯದ ಬಾಯಲ್ಲಿ ಬೈಗುಳವಾಗಿ, ಮಕ್ಕಳ ಬಾಯಿಗೂ ಇಳಿದಿದೆ. ಇಂತಹ ಮಾತು ಕೇಳಿಸಿಕೊಂಡವನು ‘ನೀನೇ ಬಂದವನು, ನಾನು ಮೊದಲಿನಿಂದಲೂ ಇದ್ದವನು’ ಎಂದು ಹಿಂದಿರುಗಿಸುವುದು ಸಹಜ. ಆದರೆ ಹಾಗೆ ಹಿಂದಿರುಗಿಸಿದ ಕ್ಷಣವೇ, ಮೊದಲು ಬಂದವನಿಗೇ ನೆಲ ಎಂಬ ಬೈದವನ ನಿಯಮವನ್ನು ನಾವು ಒಪ್ಪಿಕೊಂಡಂತಾಯಿತು. ಜಗಳ ಉಳಿಯುವುದು ಯಾರು ಮೊದಲು ಎಂಬುದಕ್ಕೆ ಮಾತ್ರ. ಆ ಜಗಳಕ್ಕೆ ಸಾಕ್ಷಿಯಾಗಿ ನಾವು ಕರೆತರುತ್ತಿರುವ ಎರಡು ಶಾಸ್ತ್ರಗಳು, ಪುರಾತತ್ತ್ವವೂ ತಳಿವಿಜ್ಞಾನವೂ, ಎರಡು ಪಕ್ಷಗಳಲ್ಲಿ ಯಾವುದರ ಪರವಾಗಿಯೂ ನುಡಿಯುವುದಿಲ್ಲ.

ಮೊದಲು ನೆಲದ ಮಾತು. ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಶಿಲಾಯುಗದ ಕೈಗೊಡಲಿಯೊಂದನ್ನು ಗುರುತಿಸಿದರು. ಇದೇ ಫೂಟ್ ಮುಂದೆ ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಅಲೆದು ನಮ್ಮ ಕನ್ನಡ ನಾಡಿನ ಪ್ರಾಗಿತಿಹಾಸಕ್ಕೂ ತಳಹದಿ ಹಾಕಿದರು. ಅವರು ಕಂಡ ಅತ್ತಿರಂಪಾಕ್ಕಂ ನೆಲೆಯಲ್ಲಿ ಶಾಂತಿ ಪಪ್ಪು ಮತ್ತವರ ಸಂಗಡಿಗರು ನಮ್ಮ ಕಾಲದಲ್ಲಿ ನಡೆಸಿದ ಉತ್ಖನನವು, ಅಲ್ಲಿನ ಕೈಗೊಡಲಿಗಳಿಗೆ ಸುಮಾರು 15 ಲಕ್ಷ ವರ್ಷಗಳ ವಯಸ್ಸನ್ನೂ, ಅವುಗಳ ನಂತರದ ಸೂಕ್ಷ್ಮತರ ಉಪಕರಣಗಳಿಗೆ ಸುಮಾರು 3,85,000 ವರ್ಷಗಳ ವಯಸ್ಸನ್ನೂ ತೋರಿಸಿತು. ಗುಲಬರ್ಗಾ ಕಡೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ಅಗೆದ ನೆಲೆಯೂ ಹತ್ತು ಲಕ್ಷ ವರ್ಷಗಳನ್ನು ದಾಟುತ್ತದೆ. ಆ ಕಲ್ಲುಗಳನ್ನು ಕೆತ್ತಿದವರು ನಮ್ಮ ಜಾತಿಯ ಮನುಷ್ಯರೇ ಅಲ್ಲ. ಹೋಮೋ ಸೇಪಿಯನ್ಸ್ ಎಂಬ ನಮ್ಮ ಕುಲ ಆಫ್ರಿಕದಲ್ಲಿ ಕಾಣಿಸಿಕೊಂಡದ್ದೇ ಸುಮಾರು 3 ಲಕ್ಷ ವರ್ಷಗಳ ಹಿಂದೆ. ಹಾಗಾದರೆ ಈ ನೆಲದ ‘ಮೂಲನಿವಾಸಿ’ ಪಟ್ಟ ಯಾರಿಗೆ? ಇಂದು ಬದುಕಿರುವ ಯಾವ ಮನೆಗೂ ಅದು ಸಲ್ಲದು.

ನಮ್ಮ ಕುಲದವರು ಇಲ್ಲಿಗೆ ಯಾವಾಗ ಬಂದರೆಂಬ ವಿಷಯದಲ್ಲಿ ಈ ಎರಡು ಶಾಸ್ತ್ರಗಳ ನಡುವೆ ನಡೆದ ವಾದ ಸ್ವಾರಸ್ಯಕರವಾದದ್ದು. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರದ ತೋಬ ಜ್ವಾಲಾಮುಖಿ ಸಿಡಿದು ಅದರ ಬೂದಿ ನಮ್ಮ ದೇಶದ ಮೇಲೂ ಸುರಿಯಿತು. ಆಗಿನ ಕರ್ನೂಲು ಜಿಲ್ಲೆಯ ಜ್ವಾಲಾಪುರದಲ್ಲಿ ಆ ಬೂದಿಯ ಕೆಳಗೂ ಮೇಲೂ ಕಲ್ಲಿನ ಉಪಕರಣಗಳು ಸಿಕ್ಕವು. ಬೂದಿಗೆ ಮುಂಚೆಯೇ ಇಲ್ಲಿ ಆಧುನಿಕ ಮಾನವರಿದ್ದರೆಂದು ಮೈಕೇಲ್ ಪೆಟ್ರಾಗ್ಲಿಯ ಮತ್ತವರ ಸಂಗಡಿಗರು 2007ರಲ್ಲಿ ವಾದಿಸಿದರು. ವಂಶವಾಹಿಗಳ ಲೆಕ್ಕ ಬೇರೆ. ಇಂದಿನ ಏಷ್ಯದವರೆಲ್ಲರ ಪೂರ್ವಜರು ಆಫ್ರಿಕದಿಂದ ಹೊರಟು ಹರಡಿದ್ದು ಸುಮಾರು 50–60 ಸಾವಿರ ವರ್ಷಗಳ ಹಿಂದೆ ಎಂದು ಅದು ಹೇಳುತ್ತದೆ. ಎರಡೂ ನಿಜವಾಗಿರಲು ಸಾಧ್ಯ: ಮುಂಚೆ ಬಂದವರ ಸಂತತಿ ಉಳಿಯದೆ ಹೋಗಿರಬಹುದು. ಉಪಕರಣ ಮಾತ್ರ ಸಿಕ್ಕು ಮೂಳೆ ಸಿಗದ ಕಡೆ, ಅದನ್ನು ಹಿಡಿದ ಕೈ ಯಾರದೆಂದು ಕಲ್ಲು ಹೇಳದು. ವಂಶವಾಹಿಯಾದರೋ ಸಂತತಿ ಉಳಿಸಿದವರ ಕಥೆಯನ್ನಷ್ಟೇ ಹೇಳಬಲ್ಲದು. ಒಂದರ ಕುರುಡನ್ನು ಇನ್ನೊಂದು ತೋರಿಸಿಕೊಡುತ್ತದೆಂಬ ಕಾರಣಕ್ಕೇ ಎರಡೂ ಜೊತೆಯಾಗಿ ಬೇಕು. ನಮ್ಮ ಲೇಖಕರಾದರೋ ಎರಡರಿಂದಲೂ ತಮಗೆ ಹಿತವಾದ ಒಂದೊಂದು ಸಾಲನ್ನು ಕತ್ತರಿಸಿ ಅಂಟಿಸುತ್ತಾರೆ.

ಅಂಟಿಸುವಿಕೆಗೆ ಉದಾಹರಣೆ ದೂರದಲ್ಲಿಲ್ಲ. ಮದುರೈ ಕಾಮರಾಜ ವಿಶ್ವವಿದ್ಯಾಲಯದ ಆರ್.ಎಂ. ಪಿಚ್ಚಪ್ಪನ್ ಮತ್ತು ಸ್ಪೆನ್ಸರ್ ವೆಲ್ಸ್ ಅವರ ಸಂಶೋಧನೆಯಲ್ಲಿ, ಉಸಿಲಂಪಟ್ಟಿಯ ಬಳಿಯ ಹಳ್ಳಿಯೊಬ್ಬರಲ್ಲಿ ಎಂ130 ಎಂಬ ಗುರುತು ಕಂಡುಬಂತು. ಆಸ್ಟ್ರೇಲಿಯದ ಆದಿವಾಸಿಗಳಲ್ಲಿಯೂ ಇರುವ ಆ ಗುರುತು, ಆಫ್ರಿಕದಿಂದ ಕರಾವಳಿ ಹಿಡಿದು ಬಂದ ಅತಿ ಹಳೆಯ ವಲಸೆಯ ಹೆಜ್ಜೆಯೆಂದು ಅವರು ವಿವರಿಸಿದರು. ಮರುದಿನವೇ ಎಂಬಂತೆ ಪತ್ರಿಕೆಗಳು ಅವರನ್ನು ‘ಮೊದಲ ಭಾರತೀಯ’ರನ್ನಾಗಿ ಮಾಡಿಬಿಟ್ಟವು. ಆ ಗುರುತು ಇರುವುದು ವೈ ವರ್ಣತಂತುವಿನಲ್ಲಿ, ಅಂದರೆ ತಂದೆಯ ತಂದೆಯ ತಂದೆಯ ಒಂದೇ ಒಂದು ಎಳೆಯಲ್ಲಿ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಮ್ಮಲ್ಲಿ ಪ್ರತಿಯೊಬ್ಬರಿಗೂ 1,024 ಮಂದಿ ಹಿರಿಯರ ಸ್ಥಾನಗಳಿರುತ್ತವೆ. ವೈ ವರ್ಣತಂತು ಅವರಲ್ಲಿ ಒಬ್ಬನ ಸುದ್ದಿಯನ್ನು ಮಾತ್ರ ತರುತ್ತದೆ. ಉಳಿದ 1,023 ಮಂದಿ ಎಲ್ಲೆಲ್ಲಿಂದ ಬಂದರೆಂಬುದರ ಬಗ್ಗೆ ಅದು ಮೌನಿ. ಒಂದು ನೂಲಿನ ಬಣ್ಣ ನೋಡಿ ಇಡೀ ಸೀರೆಗೆ ಬೆಲೆ ಕಟ್ಟಿದ ವ್ಯಾಪಾರಿಯನ್ನು ನಮ್ಮ ನೇಕಾರರು ಅಂಗಡಿಯ ಜಗುಲಿ ಹತ್ತಲು ಬಿಡುತ್ತಿರಲಿಲ್ಲ.

ಇಡೀ ಸೀರೆಯನ್ನು ನೋಡುವ ವಿಧಾನವೂ ಇದೆ. ಪ್ರತಿ ತಲೆಮಾರಿನಲ್ಲಿ ತಂದೆತಾಯಿಯರ ವರ್ಣತಂತುಗಳು ಕತ್ತರಿಸಿ ಮರುಜೋಡಣೆಗೊಂಡು ಮಗುವಿಗೆ ಬರುತ್ತವೆ. ಎರಡು ಬೇರೆ ಜನಸಮೂಹಗಳು ಕೂಡಿದ ಮೊದಲ ತಲೆಮಾರುಗಳಲ್ಲಿ ಒಂದೊಂದರ ತುಂಡುಗಳೂ ಉದ್ದವಾಗಿರುತ್ತವೆ. ಕಾಲ ಸರಿದಂತೆ ಚಿಕ್ಕದಾಗುತ್ತ ಹೋಗುತ್ತವೆ. ತುಂಡುಗಳ ಉದ್ದದಿಂದ ಬೆರಕೆಯ ಕಾಲವನ್ನು ಲೆಕ್ಕ ಹಾಕಬಹುದು. ಹೈದರಾಬಾದಿನ ಸಿ.ಸಿ.ಎಂ.ಬಿ.ಯ ಲಾಲ್ಜಿ ಸಿಂಗ್, ಕೆ. ತಂಗರಾಜ್ ಅವರು ಹಾರ್ವರ್ಡಿನ ಡೇವಿಡ್ ರೈಶ್ ಅವರೊಡನೆ 2009ರಲ್ಲಿ ಪ್ರಕಟಿಸಿದ ಅಧ್ಯಯನವು, ಭಾರತದ ಬಹುತೇಕ ಎಲ್ಲ ಸಮುದಾಯಗಳೂ ಎರಡು ಪ್ರಾಚೀನ ಜನಸಮೂಹಗಳ ಬೆರಕೆ, ವ್ಯತ್ಯಾಸವಿರುವುದು ಪ್ರಮಾಣದಲ್ಲಿ ಮಾತ್ರ ಎಂದು ತೋರಿಸಿತು. 2013ರಲ್ಲಿ ಪ್ರಿಯಾ ಮೂರ್ಜಾನಿ ಮತ್ತವರ ಸಂಗಡಿಗರು ಆ ಬೆರಕೆಗೆ ಕಾಲ ಕಟ್ಟಿದರು: ಇಂದಿಗೆ ಸುಮಾರು 4,200ರಿಂದ 1,900 ವರ್ಷಗಳ ಹಿಂದೆ. ಈ ಕೊನೆಯ ಅಂಕಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮತ್ತೆ ಅದಕ್ಕೆ ಬರುತ್ತೇನೆ.

ಆಮೇಲೆ ಬಂದದ್ದು ಪ್ರಾಚೀನ ಮೂಳೆಗಳಿಂದಲೇ ವಂಶವಾಹಿ ತೆಗೆಯುವ ಕೆಲಸ. ಒಳಕಿವಿಯನ್ನು ಸುತ್ತುವರಿದ ಗಟ್ಟಿ ಮೂಳೆಯಲ್ಲಿ ಅದು ಹೆಚ್ಚು ಕಾಲ ಉಳಿಯುತ್ತದೆಂದು ತಿಳಿದ ಮೇಲೆ ಈ ವಿದ್ಯೆ ದಾಪುಗಾಲು ಹಾಕಿತು. 2019ರ ಸೆಪ್ಟೆಂಬರಿನಲ್ಲಿ ಎರಡು ಲೇಖನಗಳು ಜೊತೆಯಾಗಿ ಹೊರಬಂದವು. ಒಂದು, ಹರಿಯಾಣದ ರಾಖಿಗಢಿಯಲ್ಲಿ ಪರೀಕ್ಷಿಸಿದ ಅರವತ್ತಕ್ಕೂ ಹೆಚ್ಚು ಮಾದರಿಗಳ ಪೈಕಿ ಫಲ ಕೊಟ್ಟ ಒಬ್ಬಳೇ ಒಬ್ಬ ಹೆಂಗಸಿನದು. ಸಿಂಧೂ ನಾಗರಿಕತೆಯ ಕಾಲದ ಆಕೆಯಲ್ಲಿ ಹುಲ್ಲುಗಾವಲು ನಾಡಿನ ಪಶುಪಾಲಕರ ಅಂಶವಿರಲಿಲ್ಲ. ಇನ್ನೊಂದು, ಮಧ್ಯ ಮತ್ತು ದಕ್ಷಿಣ ಏಷ್ಯದ 523 ಮಂದಿ ಪ್ರಾಚೀನರನ್ನು ಪರೀಕ್ಷಿಸಿ, ಆ ಹುಲ್ಲುಗಾವಲಿನ ಅಂಶ ಉಪಖಂಡವನ್ನು ಸೇರಿದ್ದು ಕ್ರಿ.ಪೂ. 2000–1500ರ ನಡುವೆ ಎಂದದ್ದು. ಒಂದನ್ನೊಂದು ಪೂರೈಸುವ ಈ ಎರಡು ಲೇಖನಗಳನ್ನು ಹಿಡಿದು ದಿಲ್ಲಿಯಲ್ಲಿ ಒಂದು ಪಕ್ಷದವರು ಆರ್ಯರ ವಲಸೆ ಸುಳ್ಳಾಯಿತೆಂದರು, ಚೆನ್ನೈಯಲ್ಲಿ ಇನ್ನೊಂದು ಪಕ್ಷದವರು ತಮ್ಮ ಮಾತು ನಿಜವಾಯಿತೆಂದರು. ಆ 523 ಮಂದಿಯಲ್ಲಿ ದಕ್ಷಿಣ ಭಾರತದ ಮಣ್ಣಿನಿಂದ ಎದ್ದುಬಂದವರು ಒಬ್ಬರೂ ಇಲ್ಲವೆಂಬುದನ್ನು ಇಬ್ಬರೂ ಹೇಳಲಿಲ್ಲ. ನಮ್ಮ ಸೆಕೆ ವಂಶವಾಹಿಯ ಶತ್ರು. ಅಂದಮೇಲೆ, ಕನ್ನಡಿಗರು ಮೊದಲೋ ತಮಿಳರು ಮೊದಲೋ ಎಂಬುದನ್ನು ‘ಸಾಬೀತು’ ಮಾಡಿದ ಆ ಸಂಶೋಧನೆ ಯಾವುದು? ನಮ್ಮ ಸಂಚಿಕೆಯ ಲೇಖಕರು ದಯವಿಟ್ಟು ತೋರಿಸಿಕೊಡಬೇಕು.

ಕಿವಿಮಾತೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊದಲಿಗರನ್ನು ಹುಡುಕುವ ಚಟ ವಂಶವಾಹಿಯೊಡನೆ ಹುಟ್ಟಿದ್ದಲ್ಲ. ನಮ್ಮ ಪಕ್ಕದ ಆನೆಮಲೆಯ ಕಾಡರ್ ಜನರ ತಲೆ, ಮೂಗು, ಗುಂಗುರು ಕೂದಲುಗಳನ್ನು ಅಳೆದು, ಅವರಲ್ಲಿ ನೀಗ್ರಿಟೋ ಎಂಬ ಆದಿಮ ಜನಾಂಗದ ಕುರುಹಿದೆಯೆಂದು ಬಿ.ಎಸ್. ಗುಹಾ ಅವರು 1930ರ ಹೊತ್ತಿಗೇ ಬರೆದರು. ಆ ಅಳತೆಯ ಶಾಸ್ತ್ರ ಇಂದು ಕಪಾಟಿನಲ್ಲಿದೆ. ಅಳೆಯಿಸಿಕೊಂಡವರು ಕಾಡಿನಂಚಿನಲ್ಲಿಯೇ ಉಳಿದರು. 2019ರ ಅಧ್ಯಯನದಲ್ಲಿಯೂ ಪಳನಿ ಬೆಟ್ಟಗಳ ಪಳಿಯರ್ ಜನಕ್ಕೆ ವಿಶೇಷ ಸ್ಥಾನವಿದೆ: ಹುಲ್ಲುಗಾವಲಿನ ಅಂಶ ಬಹುತೇಕ ಸೋಕದ ಪ್ರಾಚೀನ ದಕ್ಷಿಣದವರಿಗೆ ಅವರು ಅತ್ಯಂತ ಹತ್ತಿರ. ಆದರೆ ಆ ಪ್ರಾಚೀನ ದಕ್ಷಿಣದವರೂ ಇಲ್ಲಿನ ಬೇಟೆಗಾರ ಸಂಗ್ರಾಹಕರು ಮತ್ತು ವಾಯವ್ಯದಿಂದ ಬಂದ, ಇರಾನಿನ ಕಡೆಯ ಸಂಬಂಧವಿರುವ ಜನರ ಬೆರಕೆಯೇ. ಮೂಲನಿವಾಸಿ ಎಂಬ ಕಿರೀಟಕ್ಕೆ ತಲೆ ಬೇಕೇಬೇಕೆಂದಾದರೆ, ಉಡುಮಲೈ ಪೇಟೆಯಲ್ಲಿ ಕುಳಿತು ತಮಿಳು–ಕನ್ನಡ ಎಂದು ಕಿತ್ತಾಡುವ ನಮಗಿಂತ ಮುಂಚಿನ ಹಕ್ಕು ತಿರುಮೂರ್ತಿ ಬೆಟ್ಟದ ಮೇಲಿನವರದು. ಅವರನ್ನು ಈ ವಾದದಲ್ಲಿ ಯಾವ ಪಕ್ಷದವರೂ ಒಮ್ಮೆಯಾದರೂ ಕರೆದು ಕೇಳಿದ್ದುಂಟೆ?

ಇನ್ನು ಭಾಷೆ. ಇಲ್ಲಿಯೇ ನಮ್ಮವರು ಎಡವುವುದು ಹೆಚ್ಚು. ವಂಶವಾಹಿಗೆ ನಾಲಗೆಯಿಲ್ಲ. ಇದನ್ನು ತಿಳಿಯಲು ಪ್ರಯೋಗಾಲಯ ಬೇಡ, ನಮ್ಮ ಬೀದಿ ಸಾಕು. ದೇವಾಂಗರಲ್ಲಿ ಕನ್ನಡ ಮಾತನಾಡುವವರೂ ಉಂಟು, ತೆಲುಗು ಮಾತನಾಡುವವರೂ ಉಂಟು. ಕುಲದೇವತೆ ಚೌಡೇಶ್ವರಿ ಇಬ್ಬರಿಗೂ ಒಬ್ಬಳೇ. ಇಬ್ಬರ ಮೊಮ್ಮಕ್ಕಳೂ ಇಂದು ಅಂಗಡಿಯಲ್ಲಿ, ಕಾಲೇಜಿನಲ್ಲಿ, ಕೆಲವರು ಅಡುಗೆಮನೆಯಲ್ಲಿಯೂ ತಮಿಳು ಮಾತನಾಡುತ್ತಾರೆ. ಮೂರು ತಲೆಮಾರಿನಲ್ಲಿ ನಾಲಗೆ ಬದಲಾಗಿದೆ, ರಕ್ತ ಬದಲಾಗಿಲ್ಲ. ನೂರು ವರ್ಷದಲ್ಲಿ ಕಣ್ಣೆದುರು ನಡೆದದ್ದು ನಾಲ್ಕು ಸಾವಿರ ವರ್ಷದಲ್ಲಿ ನಡೆಯಲಿಲ್ಲವೆಂದು ಹೇಗೆ ಹೇಳುವುದು? ಭಾಷಾಕುಟುಂಬದ ವಯಸ್ಸನ್ನು ಅಂದಾಜಿಸುವ ಬೇರೆ ವಿಧಾನಗಳಿವೆ. 2018ರಲ್ಲಿ ವಿಷ್ಣುಪ್ರಿಯಾ ಕೋಲಿಪಾಕಂ ಮತ್ತವರ ಸಂಗಡಿಗರು 20 ದ್ರಾವಿಡ ನುಡಿಗಳ ಪದಗಳನ್ನು ಹೋಲಿಸಿ, ಆ ಕುಟುಂಬಕ್ಕೆ ಸುಮಾರು 4,500 ವರ್ಷಗಳ ವಯಸ್ಸನ್ನು ಅಂದಾಜಿಸಿದರು. ಇತ್ತೀಚೆಗೆ ಮಂಗಳೂರು ಕಡೆಯ ಸಂಶೋಧಕರು ಭಾಗವಹಿಸಿದ ಅಧ್ಯಯನವೊಂದು, ಕೊರಗ ಸಮುದಾಯದಲ್ಲಿ ಸುಮಾರು 4,400 ವರ್ಷ ಹಳೆಯದೊಂದು ವಂಶಾಂಶವನ್ನು ಗುರುತಿಸಿ, ಅದನ್ನು ಆದಿ ದ್ರಾವಿಡ ಭಾಷಿಕರೊಡನೆ ಸಂಬಂಧಿಸಬಹುದೇ ಎಂದು ಪರಿಶೀಲಿಸಿದೆ. ಎರಡು ಅಂಕಿಗಳು ಹತ್ತಿರ ಹತ್ತಿರ ಬಂದದ್ದು ಕುತೂಹಲಕರ, ಮುಂದಿನ ಸಂಶೋಧನೆಗೆ ದಾರಿ. ಅದನ್ನು ಹಿಡಿದು ‘ದ್ರಾವಿಡ ರಕ್ತ’ ಎಂದು ಫಲಕ ಬರೆಸುವವರಿಗೆ ನನ್ನ ನಮಸ್ಕಾರ.

ನಮ್ಮ ಈ ಸೀಮೆಯ ಮಣ್ಣೇ ಇದಕ್ಕಿಂತ ಉದಾರವಾಗಿ ಮಾತನಾಡುತ್ತದೆ. ನೊಯ್ಯಲ್ ನದಿಯ ದಂಡೆಯ ಕೊಡುಮಣಲಿನಲ್ಲಿ ತಂಜಾವೂರಿನ ತಮಿಳು ವಿಶ್ವವಿದ್ಯಾಲಯದ ವೈ. ಸುಬ್ಬರಾಯಲು, ಕೆ. ರಾಜನ್ ಮೊದಲಾದವರು 1985ರಿಂದ ಅಗೆದದ್ದು ಎರಡು ಸಾವಿರ ವರ್ಷಗಳಿಗೂ ಹಿಂದಿನ ಕುಶಲಕರ್ಮಿಗಳ ಊರೊಂದನ್ನು. ಅಲ್ಲಿ ಮಣಿ ಕೊರೆಯುತ್ತಿದ್ದರು, ಕಬ್ಬಿಣ ಕರಗಿಸಿ ಉಕ್ಕು ಮಾಡುತ್ತಿದ್ದರು. ಹಸಿರು ಬೆರಿಲ್ ಕಲ್ಲು ಹತ್ತಿರದ ಪಡಿಯೂರಿನದು. ಕೆಂಪು ಕಾರ್ನೀಲಿಯನ್ ಈ ಸೀಮೆಯದಲ್ಲ, ದೂರದಿಂದ ಬಂದದ್ದು. ಮಡಕೆಯ ಚೂರುಗಳ ಮೇಲೆ ತಮಿಳು ಬ್ರಾಹ್ಮಿಯಲ್ಲಿ ಗೀಚಿದ ಹೆಸರುಗಳಲ್ಲಿ ಅಪ್ಪಟ ತಮಿಳು ಹೆಸರುಗಳ ಜೊತೆಗೆ ವಿಸಾಕಿಯಂತಹ ಪ್ರಾಕೃತ ಛಾಯೆಯವೂ ಇವೆ. ಒಂದೇ ಊರಿನ ಬಾವಿಯಿಂದ ಅವರೆಲ್ಲ ನೀರು ಸೇದಿರಬೇಕು. ಯಾರು ಯಾರನ್ನು ವಂದೇರಿ ಎಂದರೋ, ಚೂರುಗಳಲ್ಲಿ ಬರೆದಿಲ್ಲ. ಕಾವೇರಿಯ ಮೇಲ್ಗಡೆ, ಕಪಿಲೆ ಬಂದು ಕೂಡುವ ತಿ. ನರಸೀಪುರದಲ್ಲಿ ಎಂ. ಶೇಷಾದ್ರಿಯವರು ನವಶಿಲಾಯುಗದ ಸಮಾಧಿಗಳನ್ನು ಅಗೆದರು. ನಮ್ಮ ಅಮರಾವತಿಯೂ ನೊಯ್ಯಲ್ಲೂ ಹೋಗಿ ಸೇರುವುದು ಅದೇ ಕಾವೇರಿಯನ್ನು. ನೀರು ಹರಿದ ದಾರಿಯಲ್ಲಿ ದನವೂ ಜನವೂ ಓಡಾಡಿದ್ದಾರೆ.

ಊಟದ ತಟ್ಟೆಯನ್ನೇ ನೋಡಿ. ಬಳ್ಳಾರಿಯ ಸಂಗನಕಲ್ಲು, ಹಾವೇರಿ ಕಡೆಯ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ, ಕರಿಕಾದ ಕಾಳುಗಳನ್ನು ಹೆಕ್ಕಿ ಅಭ್ಯಸಿಸಿದ ಡೋರಿಯನ್ ಫುಲ್ಲರ್ ಮತ್ತವರ ಸಂಗಡಿಗರು, ಅಲ್ಲಿನ ಮೊದಲ ಬೆಳೆಗಳು ಹುರುಳಿ, ಹೆಸರು ಮತ್ತು ಕೆಲವು ಕಿರುಧಾನ್ಯಗಳೆಂದು ತೋರಿಸಿದರು. ಗೋದಿ, ಜವೆ ವಾಯವ್ಯದಿಂದ ಬಂದವು. ನಾವು ಎದೆತಟ್ಟಿಕೊಂಡು ನಮ್ಮದೆನ್ನುವ ರಾಗಿ, ಉತ್ತರ ಕರ್ನಾಟಕದವರ ಜೋಳ, ಎರಡರ ತವರೂ ಆಫ್ರಿಕ. ರಾಗಿಮುದ್ದೆಯೊಡನೆ ಹುರುಳಿ ಸಾರನ್ನು ಕಲಸಿ ಉಣ್ಣುವವನ ಕೈಯಲ್ಲಿ ‘ಬಂದದ್ದು’ ಯಾವುದು, ‘ಇದ್ದದ್ದು’ ಯಾವುದು? ಕೊಂಗುನಾಡಿನವರು ಕೊಳ್ಳು ಎನ್ನುವುದು ಈ ಹುರುಳಿಯನ್ನೇ.

ಈ ಜ್ವರ ನಮ್ಮವರಿಗೆ ಮಾತ್ರ ಬಂದದ್ದಲ್ಲ ಎಂದೂ ಹೇಳಬೇಕು. ಶಿವಗಳೈಯ ಕಬ್ಬಿಣಕ್ಕೆ ಕ್ರಿ.ಪೂ. 3345ರ ಕಾಲವೆಂದು 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಪ್ರಕಟಿಸಿದಾಗ, ಕಬ್ಬಿಣದ ಚರಿತ್ರೆಗಿಂತ ಅದು ಯಾರ ಕಬ್ಬಿಣ ಎಂಬ ಗದ್ದಲವೇ ಜಾಸ್ತಿಯಾಯಿತು. ತಜ್ಞರು ಆ ಕಾಲವನ್ನು ಪರೀಕ್ಷಿಸಲಿ. ನಾವು ಅದಕ್ಕೆ ಪೈಪೋಟಿಯಾಗಿ ಹಳ್ಳೂರಿನ ಕಬ್ಬಿಣವನ್ನು ಎತ್ತಿಕೊಂಡು ಓಡುವ ಅಗತ್ಯವೇನಿದೆ?

ಈಗ ಆ 1,900 ವರ್ಷಗಳ ಅಂಕಿಗೆ ಬರುತ್ತೇನೆ. ನಮ್ಮ ಸಂಘಗಳಿಗೆ ನಿಜವಾಗಿ ಸಂಬಂಧಿಸಿದ ವಿಷಯ ಅದೇ, ಮತ್ತು ಅದನ್ನೇ ನಾವು ಓದದೆ ಬಿಟ್ಟಿದ್ದೇವೆ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಕಾಲ ಈ ದೇಶದಲ್ಲಿ ಎಲ್ಲರೂ ಎಲ್ಲರೊಡನೆ ಬೆರೆತರು. ಆಮೇಲೆ ಒಂದೊಂದೇ ಮನೆಯ ಬಾಗಿಲು ಮುಚ್ಚಿತು. ಒಳಗೇ ಕೊಟ್ಟು ಒಳಗೇ ತರುವ ಪದ್ಧತಿ ಗಟ್ಟಿಯಾಯಿತು. ಅದರ ಗುರುತು ನಮ್ಮ ವಂಶವಾಹಿಯಲ್ಲಿ ಅಚ್ಚೊತ್ತಿದೆ. 2017ರಲ್ಲಿ ಪ್ರಕಟವಾದ, ತಂಗರಾಜ್ ಅವರೂ ರೈಶ್ ಅವರೂ ಸೇರಿ ನಡೆಸಿದ ಅಧ್ಯಯನದಲ್ಲಿ, ದಕ್ಷಿಣ ಏಷ್ಯದ 263 ಸಮುದಾಯಗಳ ಪೈಕಿ 81ರಲ್ಲಿ ಕೆಲವೇ ಪೂರ್ವಜರಿಂದ ಬೆಳೆದ ಲಕ್ಷಣ ಫಿನ್ಲೆಂಡಿನವರಿಗಿಂತಲೂ ಅಷ್ಕೆನಾಜಿ ಯಹೂದಿಗಳಿಗಿಂತಲೂ ತೀವ್ರವಾಗಿತ್ತು. ಹೀಗಿರುವ ಕಡೆ ಅಪರೂಪದ ಅನುವಂಶಿಕ ರೋಗಗಳು ಅಪರೂಪವಾಗಿ ಉಳಿಯುವುದಿಲ್ಲ. ವೈಶ್ಯ ಸಮುದಾಯದ ಕೆಲವರಿಗೆ ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು ಕೊಡುವ ಔಷಧವೊಂದು ಅಪಾಯಕಾರಿಯಾಗುವುದಕ್ಕೆ ಕಾರಣವಾದ ಕಿಣ್ವದ ಕೊರತೆ, ವೈದ್ಯರಿಗೆ ಚಿರಪರಿಚಿತವಾದ ಉದಾಹರಣೆ.

ನಮ್ಮಲ್ಲಿಯೂ ಸೋದರಮಾವನಿಗೆ ಕೊಡುವ, ಅತ್ತೆಯ ಮಗನಿಗೆ ಕೊಡುವ ರೂಢಿ ನಿನ್ನೆಮೊನ್ನೆಯವರೆಗೆ ನಡೆದುಬಂತು. ನನ್ನ ಸ್ವಂತ ಅಕ್ಕನ ಎರಡು ಕೂಸುಗಳು ವರ್ಷ ತುಂಬುವ ಮೊದಲೇ ಹೋದಾಗ ಮನೆಯವರು ದೇವತೆಗೆ ಹರಕೆ ತಪ್ಪಿದ್ದನ್ನು ಕಾರಣವಾಗಿ ಹೇಳಿದರು. ಕಾರಣ ಬೇರೆಯೂ ಇದ್ದಿರಬಹುದೆಂದು ಕೇಳುವ ತಿಳಿವಳಿಕೆ ಆಗ ಯಾರಿಗೂ ಇರಲಿಲ್ಲ. ಈಗ ಇದೆ. ಆದರೂ ನಮ್ಮ ಸಮಾವೇಶಗಳಲ್ಲಿ ವಧೂವರರ ಮಾಹಿತಿ ಕೇಂದ್ರದ ಮೇಜಿನ ಮೇಲೆ ಗೋತ್ರ, ನಕ್ಷತ್ರ, ಸಂಬಳದ ಕಲಂಗಳಿವೆ, ಈ ತಿಳಿವಳಿಕೆಗೆ ಒಂದು ಕಲಂ ಇಲ್ಲ. ವಂಶವಾಹಿಯ ಹೆಸರು ಹೇಳಿ ಹೆಮ್ಮೆಪಡುವ ಲೇಖನ ವೇದಿಕೆಯ ಮೇಲೆ. ಅದೇ ವಂಶವಾಹಿ ಮಕ್ಕಳಿಗೆ ಮಾಡುವ ಕೇಡಿನ ವಿಚಾರ ವೇದಿಕೆಯ ಕೆಳಗೂ ಇಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನನ್ನ ಕೋರಿಕೆಗಳು ಹೀಗಿವೆ. ಸ್ವಾಗತ ಭಾಷಣಗಳಲ್ಲಿ ಪ್ರತಿವರ್ಷ ಓದುವ ‘ಈ ನೆಲದ ಆದಿಮೂಲ ನಿವಾಸಿಗಳಾದ’ ಎಂಬ ವಿಶೇಷಣವನ್ನು ಈ ವರ್ಷದಿಂದ ಕೈಬಿಡಬೇಕು. ವಧೂವರರ ಮೇಜಿನ ಪಕ್ಕದಲ್ಲಿ ಅನುವಂಶಿಕ ರೋಗಗಳ ಬಗ್ಗೆ ತಿಳಿಹೇಳುವ ವೈದ್ಯರೊಬ್ಬರಿಗೆ ಒಂದು ಕುರ್ಚಿ ಹಾಕಬೇಕು. ಮನೆಮಾತಿನ ಪದಗಳನ್ನು, ಹಾಸು–ಹೊಕ್ಕು, ಲಾಳಿ, ಮಗ್ಗದ ಪದಗಳನ್ನು, ಬಲ್ಲ ಹಿರಿಯರು ಇರುವಾಗಲೇ ಬರೆದಿಡಬೇಕು. ಅವು ಯಾವ ಮೂಳೆಯಲ್ಲಿಯೂ ಸಿಗುವುದಿಲ್ಲ. ಸಮ್ಮೇಳನದ ಮರುದಿನ ಒಂದು ಬಸ್ಸು ಮಾಡಿ ಮಕ್ಕಳನ್ನು ಕೊಡುಮಣಲಿಗೆ ಕರೆದೊಯ್ಯಬೇಕು. ಬಸ್ಸಿನಲ್ಲಿ ಅರ್ಧ ಸೀಟುಗಳನ್ನು ನೆರೆಹೊರೆಯ ತಮಿಳು ಮನೆಗಳ ಮಕ್ಕಳಿಗೆ ಬಿಡಬೇಕು. ನನ್ನ ಮೊಮ್ಮಗಳು ಈಗಾಗಲೇ ತನ್ನ ಪಕ್ಕದ ಸೀಟನ್ನು, ಅಂದು ಆ ಮಾತು ಆಡಿದ ಹುಡುಗಿಗೆಂದು ಕಾಯ್ದಿರಿಸಿದ್ದಾಳೆ. ಇಬ್ಬರೂ ಈಗ ಗೆಳತಿಯರು. ಜಗಳದ ವಿಷಯ ಇಬ್ಬರಿಗೂ ಮರೆತಿದೆಯಂತೆ. ಬಸ್ಸಿನ ಬಾಡಿಗೆಯಲ್ಲಿ ನನ್ನ ಪಾಲನ್ನು ಖಜಾಂಚಿಯವರಿಗೆ ತಲುಪಿಸಿದ್ದೇನೆ.